ಆಗಲ್ಲ ಅನ್ನುವುದಾದರೆ ಬರೆದು ಕೊಡಿ

ಹೊಸದಾಗಿ ಸೇರಿದ ಪಿಡಿಒಗಳು (ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು) ತಾಲ್ಲೂಕು ಮೀಟಿಂಗಿನಲ್ಲಿ ಸಿಕ್ಕರೆ ಸಾಮಾನ್ಯವಾಗಿ ಕೇಳುವುದು ಒಂದೇ: "ಮೆಂಬರುಗಳ ಕಾಟ ಹೇಗೆ ತಡ್ಕೊಳ್ತೀರ ಮೇಡಂ?" ನನ್ನ ಉತ್ತರ ಅವರಿಗೆ ಸಪ್ಪೆ ಅನ್ನಿಸುತ್ತದೆ. ಹಿಂಬರಹ, ಅಂದರೆ ಅರ್ಜಿಗೆ ಲಿಖಿತ ಉತ್ತರ, ಕೊಡಿ ಅನ್ನುತ್ತೇನೆ. ಅರ್ಜಿಯನ್ನು ಆವಕ ವಹಿಯಲ್ಲಿ ಬರೆದು ಸ್ವೀಕೃತಿ ಕೊಡಿ, ಆಗುವ ಕೆಲಸವಾದರೆ ಮಾಡಿ, ಆಗದಿದ್ದರೆ ಯಾಕೆ ಆಗುವುದಿಲ್ಲ ಅಂತ ಸಹಿ, ಸೀಲು ಹಾಕಿ ಬರೆದು ಕೊಡಿ. ಇದಕ್ಕಿಂತ ದೊಡ್ಡ ಉಪಾಯ ನನಗಂತೂ ಸಿಕ್ಕಿಲ್ಲ.

ನಾನು ಸೋಮವಾರಪೇಟೆ ಕಡೆಯವಳು. ಕೆಲಸ ದಕ್ಷಿಣ ಕೊಡಗಿನ ಒಂದು ಗ್ರಾಮ ಪಂಚಾಯಿತಿಯಲ್ಲಿ. ನಮ್ಮ ಕಡೆ ಪಂಚಾಯಿತಿಗಳೇ ಚಿಕ್ಕವು. ಬಯಲುಸೀಮೆಯಲ್ಲಿ ಒಂದು ಪಂಚಾಯಿತಿಗೆ 5,000 ಜನಸಂಖ್ಯೆ ಬೇಕು, ಮಲೆನಾಡಿನ ಜಿಲ್ಲೆಗಳಿಗೆ ಕಾಯ್ದೆಯಲ್ಲೇ 2,500ರ ರಿಯಾಯಿತಿ. 400 ಜನಕ್ಕೆ ಒಬ್ಬ ಸದಸ್ಯ. ಅದರಲ್ಲಿ ಮಕ್ಕಳನ್ನು ಕಳೆಯಿರಿ, ಬೆಂಗಳೂರು ಸೇರಿದವರನ್ನು ಕಳೆಯಿರಿ, ಉಳಿದ ಓಟು ಎಷ್ಟು? ನಾಲ್ಕು ಮನೆಯವರು ಮುನಿಸಿಕೊಂಡರೆ ಸೀಟು ಹೋಯಿತು. ಈ ಚುನಾವಣೆಯಲ್ಲಿ ಪಾರ್ಟಿ ಚಿಹ್ನೆ ಇಲ್ಲ ಅನ್ನುವುದು ಸರಿ, ಆದರೆ ಯಾರು ಯಾವ ಪಾರ್ಟಿ ಅಂತ ನಮ್ಮ ನೀರುಗಂಟಿಗೂ ಗೊತ್ತು. ನಿಜ ಹೇಳಬೇಕೆಂದರೆ ಪಾರ್ಟಿಗಿಂತ ಹೆಚ್ಚು ನಡೆಯುವುದು ನೆಂಟಸ್ತಿಕೆ, ಮತ್ತೆ ಯಾರ ತೋಟದಲ್ಲಿ ಯಾರು ಕೆಲಸ ಮಾಡುತ್ತಾರೆ ಅನ್ನುವುದು.

ಇಂಥ ವಾರ್ಡಿನಲ್ಲಿ ಗೆದ್ದವರಿಗೆ ಇಲ್ಲ ಅನ್ನುವ ಸ್ವಾತಂತ್ರ್ಯವೇ ಇರುವುದಿಲ್ಲ. ರಾತ್ರಿ ಎಂಟು ಗಂಟೆಗೆ ಮನೆಗೆ ಬಂದು ಕೂತವನಿಗೆ "ನಿನ್ನ ಕೆಲಸ ಆಗಲ್ಲ" ಅಂತ ಹೇಳಿ ಕಾಫಿ ಕೊಡುವುದು ಹೇಗೆ? "ಮುಂದಿನ ಸಭೆಯಲ್ಲಿ ಇಡೋಣ" ಅನ್ನುತ್ತಾರೆ. ಮಾರನೆಯ ದಿನ ಅದೇ ಮನುಷ್ಯ ಆಫೀಸಿಗೆ ಬಂದರೆ ನಾವೂ ಅದನ್ನೇ ಅನ್ನುತ್ತೇವೆ, ಯಾಕೆಂದರೆ ಯಾರ ಮುಖವೂ ಕೆಡುವುದಿಲ್ಲ. ಅರ್ಜಿ ಆವಕಕ್ಕೆ ಏರದೆ ಪ್ಲಾಸ್ಟಿಕ್ ಕವರಿನಲ್ಲಿ ಡ್ರಾಯರು ಸೇರುತ್ತದೆ. ಆಮೇಲೆ ಶುರುವಾಗುತ್ತದೆ ನಿಜವಾದ ರಾಜಕೀಯ. ಅರ್ಜಿದಾರ ಮೆಂಬರನ್ನು ಹಿಡಿಯುತ್ತಾನೆ, ಮೆಂಬರು ಅಧ್ಯಕ್ಷರನ್ನು, ಅಧ್ಯಕ್ಷರು ಶಾಸಕರ ಕಡೆಯವರನ್ನು. ಮೊದಲ ದಿನವೇ ಆಗಲ್ಲ ಅಂತ ಗೊತ್ತಿದ್ದ ಕೆಲಸಕ್ಕೆ ಇಷ್ಟೂ ಜನರ ಋಣ ಹತ್ತುತ್ತದೆ. ಮೆಂಬರುಗಳನ್ನು ಮಾತ್ರ ಬೈಯುವ ಸಹೋದ್ಯೋಗಿಗಳಿಗೆ ಇದನ್ನೇ ಹೇಳುತ್ತೇನೆ: ಆ ಡ್ರಾಯರಿನ ಬೀಗ ನಮ್ಮ ಕೈಯಲ್ಲಿರುತ್ತದೆ, ಅವರ ಕೈಯಲ್ಲಲ್ಲ.

ಊರಲ್ಲಿ ಸುಬೇದಾರರು ಅಂತಲೇ ಕರೆಯುವ ಹಿರಿಯರೊಬ್ಬರಿದ್ದಾರೆ, ಸೇನೆಯಿಂದ ನಿವೃತ್ತರು. ಮನೆ ರಿಪೇರಿಗೆ ಬ್ಯಾಂಕ್ ಸಾಲ ಬೇಕು, ಬ್ಯಾಂಕಿಗೆ ಪಂಚಾಯಿತಿಯ ಆಸ್ತಿ ದಾಖಲೆಗಳಾದ ಇ-ಸ್ವತ್ತಿನ ನಮೂನೆ 9 ಮತ್ತು 11 ಬೇಕು. ಮನೆ ಇರುವುದು ಜಮ್ಮಾ ಜಾಗದಲ್ಲಿ, ಅಂದರೆ ತಲೆಮಾರುಗಳಿಂದ ಇಡೀ ಕುಟುಂಬಕ್ಕೆ ಜಂಟಿಯಾಗಿ ಬಂದ ಜಮೀನಿನಲ್ಲಿ. ಪಹಣಿ ತೆಗೆದರೆ ಪಟ್ಟೇದಾರರ (ಕುಟುಂಬದ ಹಿರಿಯರ) ಹೆಸರಿನ ಜೊತೆ ಒಕ್ಕದವರ, ಅಂದರೆ ಮನೆತನದವರ, ಹೆಸರುಗಳ ಸಾಲೇ ಇದೆ. ಕೆಲವರು ತೀರಿಕೊಂಡಿದ್ದಾರೆ, ಕೆಲವರು ಹೊರದೇಶದಲ್ಲಿದ್ದಾರೆ. ಆಗಿನ ನಿಯಮದಂತೆ ನಮೂನೆ 9 ಬೇಕಾದರೆ ಜಾಗ ಗ್ರಾಮಠಾಣಾದೊಳಗೆ (ಊರಿನ ಮನೆಗಳಿಗೆಂದು ಗುರುತಿಸಿದ ಜಾಗದೊಳಗೆ) ಇರಬೇಕಿತ್ತು, ಇಲ್ಲವೇ ಭೂಪರಿವರ್ತನೆ ಆಗಿರಬೇಕಿತ್ತು, ಅಥವಾ ಸರ್ಕಾರದ ವಸತಿ ಯೋಜನೆಯ ನಿವೇಶನವಾಗಿರಬೇಕಿತ್ತು. ಈ ನಿಯಮ ಬರೆದವರ ಕಣ್ಣ ಮುಂದೆ ಬಯಲುಸೀಮೆಯ ಊರೇ ಇದ್ದಿರಬೇಕು. ಒತ್ತೊತ್ತಾಗಿ ಮನೆ, ಸುತ್ತ ಹೊಲ. ಕೊಡಗಿನಲ್ಲಿ ಒಂದು ಮನೆಯಿಂದ ಇನ್ನೊಂದಕ್ಕೆ ಕಾಫಿ ತೋಟ ದಾಟಿ ಹೋಗಬೇಕು. ಗ್ರಾಮಠಾಣಾವನ್ನು ಎಲ್ಲಿ ಅಂತ ಹುಡುಕುವುದು?

ಸುಬೇದಾರರಿಗೆ ನಾನು ಬರುವ ಮೊದಲು ವರ್ಷಗಟ್ಟಲೆ ಸಿಕ್ಕಿದ್ದು ಭರವಸೆ ಮಾತ್ರ. ನಾನು ಅರ್ಜಿ ಹೊಸದಾಗಿ ತೆಗೆದುಕೊಂಡು, ಯಾವ ಕಾರಣಕ್ಕೆ ಕೊಡಲು ಬರುವುದಿಲ್ಲ, ಯಾವ ದಾಖಲೆ ಬಂದರೆ ಕೊಡಬಹುದು, ಅದನ್ನು ಯಾವ ಕಚೇರಿಯಲ್ಲಿ ಕೇಳಬೇಕು ಅಂತ ಬರೆದು ಕೊಟ್ಟೆ. ಕನ್ನಡಕ ಹಾಕಿಕೊಂಡು ನಿಂತಲ್ಲೇ ಪೂರ್ತಿ ಓದಿದರು.

"ಇಲ್ಲ ಅನ್ನೋಕೆ ಇಷ್ಟು ವರ್ಷ ಬೇಕಾಯ್ತಾ ನಿಮ್ಮ ಆಫೀಸಿಗೆ?"

ಉತ್ತರ ಇರಲಿಲ್ಲ. ಅವರ ವಾರ್ಡಿನ ಮೆಂಬರು ಸಂಜೆ ಫೋನ್ ಮಾಡಿ ಕೂಗಾಡಿದರು. "ನಾನು ಮಾಡಿಸಿ ಕೊಡ್ತೀನಿ ಅಂದಿದ್ದೆ, ನೀವು ಹೀಗೆ ಬರೆದು ಕೊಟ್ಟರೆ ನನ್ನ ಮಾತಿಗೆ ಏನು ಬೆಲೆ?" ಆದರೆ ಸುಬೇದಾರರು ಆ ಹಾಳೆಯನ್ನು ಜೆರಾಕ್ಸ್ ಮಾಡಿಸಿ, ಪುತ್ತರಿ ಹಬ್ಬಕ್ಕೆ ಮನೆತನದ ಮೂಲಮನೆಯಾದ ಐನ್‌ಮನೆಯಲ್ಲಿ ಒಕ್ಕದವರೆಲ್ಲ ಸೇರಿದಾಗ ಮುಂದಿಟ್ಟರಂತೆ. ಅಲ್ಲಿಯವರೆಗೆ ಬಾಯಿಮಾತಿನ ಜಗಳವಾಗಿದ್ದ ಪಾಲಿನ ವಿಷಯಕ್ಕೆ ಒಂದು ಪಟ್ಟಿ ಸಿಕ್ಕಿತು. ಅರ್ಧ ಜನ ಒಪ್ಪಿಗೆಗೆ ಸಹಿ ಮಾಡಿದ್ದಾರೆ. ಇನ್ನರ್ಧ ಇನ್ನೂ ಬಾಕಿ, ಸಾಲವೂ ಬಂದಿಲ್ಲ. ಆದರೆ ಅವರು ಈಗ ಓಡಾಡುವುದು ಸರಿಯಾದ ಬಾಗಿಲಿಗೆ.

ಬರೆದು ಕೊಟ್ಟ 'ಇಲ್ಲ'ಕ್ಕೆ ಕಾನೂನಿನಲ್ಲೂ ಬೆಲೆಯಿದೆ. ಪಂಚಾಯತ್ ರಾಜ್ ಕಾಯ್ದೆಯ 269ನೇ ಪ್ರಕರಣದಡಿ ಪಂಚಾಯಿತಿಯ ಆದೇಶದ ವಿರುದ್ಧ ಮೇಲ್ಮನವಿ ಹಾಕಬಹುದು. ಆದೇಶವೇ ಇಲ್ಲದಿದ್ದರೆ ಯಾವುದರ ವಿರುದ್ಧ ಹಾಕುವುದು? ನಿಗದಿತ ದಿನದೊಳಗೆ ಕೊಡಲೇಬೇಕಾದ ಸಕಾಲ ಸೇವೆಗಳಲ್ಲಿ ತಡವಾದ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿ ಅಧಿಕಾರಿಯ ಸಂಬಳದಿಂದ ಹೋಗಬೇಕು. ಸ್ವೀಕೃತಿಯೇ ಇಲ್ಲದ ಅರ್ಜಿಗೆ ಆ ಗಡಿಯಾರ ಓಡುವುದೇ ಇಲ್ಲ. (ಅರ್ಜಿ ಡ್ರಾಯರಿಗೆ ಹೋಗುವುದಕ್ಕೆ ಇದೂ ಒಂದು ಕಾರಣ ಅಂತ ಬಲ್ಲವರು ಬಲ್ಲರು.)

ಆದಿವಾಸಿಗಳ ಹಾಡಿಗಳ ಕಡೆ ಇದರ ಬೆಲೆ ಇನ್ನೂ ದೊಡ್ಡದು. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಅರ್ಜಿ ಮೊದಲು ಬರುವುದು ಗ್ರಾಮಸಭೆಗೆ. ಗ್ರಾಮಸಭೆಯ ತೀರ್ಮಾನ ಒಪ್ಪಿಗೆಯಾಗದಿದ್ದರೆ 60 ದಿನದೊಳಗೆ ಉಪವಿಭಾಗ ಮಟ್ಟದ ಸಮಿತಿಗೆ ಹೋಗಬಹುದು. ತಿರಸ್ಕಾರ ಆಗಿದೆ ಅಂತ ತಿಳಿಸದಿದ್ದರೆ ಆ 60 ದಿನ ಶುರುವಾಗುವುದು ಯಾವಾಗ? 2019ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು, ಅರ್ಜಿ ತಿರಸ್ಕಾರವಾದವರನ್ನು ಕಾಡಿನಿಂದ ಹೊರಗೆ ಕಳುಹಿಸಲು ಹೇಳಿ, ಅದೇ ತಿಂಗಳ 28ರಂದು ತನ್ನ ಆದೇಶವನ್ನು ತಡೆಹಿಡಿಯಿತು. ತಿರಸ್ಕರಿಸುವಾಗ ಯಾವ ಕ್ರಮ ಅನುಸರಿಸಿದಿರಿ ಅಂತ ರಾಜ್ಯಗಳನ್ನು ಕೇಳಿತು. ದಿಡ್ಡಳ್ಳಿಯ ಕಾಡಿನಿಂದ 2016ರಲ್ಲಿ ಎಬ್ಬಿಸಿದ ಆದಿವಾಸಿ ಕುಟುಂಬಗಳನ್ನು ಕಂಡ ಜಿಲ್ಲೆ ನಮ್ಮದು. ಒಂದು ಹಾಳೆ ಕೈಗೆ ತಲುಪಿದೆಯೋ ಇಲ್ಲವೋ ಅನ್ನುವುದು ಇಲ್ಲಿ ಕ್ಲರ್ಕಿನ ವಿಷಯವಾಗಿ ಉಳಿಯುವುದಿಲ್ಲ.

ಎಲ್ಲ ಹಿಂಬರಹವೂ ನಾನು ಅಂದುಕೊಂಡ ಕಡೆಗೇ ಹೋಗುವುದಿಲ್ಲ ಅನ್ನುವುದನ್ನೂ ಹೇಳಬೇಕು. ಒಂದು ತೋಟದ ಕೂಲಿಯವರ ಲೈನ್‌ಮನೆಯ ಹೆಂಗಸರು ನೀರಿನ ನಲ್ಲಿಗೆ ಅರ್ಜಿ ಕೊಟ್ಟರು. ಬೇಸಿಗೆಯಲ್ಲಿ ತೋಡಿನಿಂದ ನೀರು ಹೊರುತ್ತಿದ್ದರು. ಖಾಸಗಿ ಜಾಗದೊಳಗೆ ಪೈಪು ಎಳೆಯಬೇಕಾದರೆ ಮಾಲೀಕರ ಒಪ್ಪಿಗೆ ಪತ್ರ ಬೇಕು, ಅದು ಇರಲಿಲ್ಲ. ಬರುವುದೂ ಇಲ್ಲ ಅಂತ ಎಲ್ಲರಿಗೂ ಗೊತ್ತಿತ್ತು, ಯಾಕೆಂದರೆ ಮಾಲೀಕರು ಮೆಂಬರಿಗೆ ಬೇಕಾದವರು. ನಾನು ಹಿಂಬರಹದಲ್ಲಿ ಒಪ್ಪಿಗೆ ಪತ್ರವಿಲ್ಲದೆ ಅವಕಾಶವಿಲ್ಲ ಅಂತ ಬರೆದು, ಕೆಳಗೆ ಇನ್ನೊಂದು ಸಾಲು ಸೇರಿಸಿದೆ: ಆಗ ಜಾರಿಯಲ್ಲಿದ್ದ 1951ರ ತೋಟ ಕಾರ್ಮಿಕರ ಕಾಯ್ದೆಯ ಪ್ರಕಾರ ಕಾರ್ಮಿಕರಿಗೆ ಕುಡಿಯುವ ನೀರು ಒದಗಿಸುವ ಹೊಣೆ ಮಾಲೀಕರದು, ಇದಕ್ಕೆ ಕಾರ್ಮಿಕ ಇಲಾಖೆಯನ್ನು ಸಂಪರ್ಕಿಸಬಹುದು. ಐದು ಹೆಕ್ಟೇರ್ ಅಥವಾ ಹೆಚ್ಚು ಜಾಗ, ಹದಿನೈದು ಅಥವಾ ಹೆಚ್ಚು ಕೆಲಸಗಾರರು ಇದ್ದ ತೋಟಕ್ಕೆ ಆ ಕಾಯ್ದೆ ಅನ್ವಯವಾಗುತ್ತಿತ್ತು, ಈ ತೋಟ ಅದಕ್ಕಿಂತ ಎಷ್ಟೋ ದೊಡ್ಡದು.

ಹೆಂಗಸರು ಇಲಾಖೆಗೆ ಹೋಗುವ ಮೊದಲೇ ಮಾಲೀಕರು ಜೀಪಿನಲ್ಲಿ ಬಂದರು. ಪಂಚಾಯಿತಿಯೇ ಕೂಲಿಯವರಿಗೆ ಕಂಪ್ಲೇಂಟು ಬರೆದು ಕೊಟ್ಟಿದೆ ಅನ್ನುವುದು ಅವರ ದೂರು. ಕಚೇರಿ ಪ್ರತಿ ತೋರಿಸಿದೆ. ಅದರಲ್ಲಿ ಅವರ ಹೆಸರೂ ಇರಲಿಲ್ಲ, ತೋಟದ ಹೆಸರೂ ಇರಲಿಲ್ಲ. ಸ್ವಲ್ಪ ಹೊತ್ತು ಕೂತು ಲೆಕ್ಕ ಹಾಕಿದರು ಅಂತ ಕಾಣುತ್ತದೆ. ಬೋರ್‌ವೆಲ್, ಟ್ಯಾಂಕು, ಪೈಪು ಎಲ್ಲ ತಾವೇ ಹಾಕಿಸುವುದಕ್ಕಿಂತ ಪಂಚಾಯಿತಿಗೆ ಒಪ್ಪಿಗೆ ಪತ್ರ ಕೊಡುವುದು ಅಗ್ಗ. ಕೊಟ್ಟರು. ಮುಂದಿನ ಕ್ರಿಯಾಯೋಜನೆಯಲ್ಲಿ ಕಾಮಗಾರಿ ಸೇರಿತು, ನಲ್ಲಿ ಬಂತು. ಮಾಲೀಕರ ಹೊಣೆ ಸಾರ್ವಜನಿಕರ ದುಡ್ಡಲ್ಲಿ ತೀರಿತಲ್ಲ ಅನ್ನುವ ಅಸಮಾಧಾನ ನನಗೆ ಈಗಲೂ ಇದೆ. ಹೆಂಗಸರ ಹತ್ತಿರ ಇದನ್ನು ಹೇಳಿದರೆ ನಕ್ಕರು. "ನೀರು ಬಂತಲ್ಲ ಮೇಡಂ" ಅಂದರು.

ಇನ್ನು, ಕೈತೊಳೆದುಕೊಳ್ಳಲು ಕೊಡುವ ಹಿಂಬರಹವೂ ಇದೆ. "ದಾಖಲೆಗಳು ಸಮರ್ಪಕವಾಗಿಲ್ಲದ ಕಾರಣ ಪರಿಶೀಲಿಸಲು ಅವಕಾಶವಿರುವುದಿಲ್ಲ" ಅನ್ನುವ ಒಂದು ಸಾಲು ಕಂಪ್ಯೂಟರಿನಲ್ಲಿ ಸಿದ್ಧವಾಗಿರುತ್ತದೆ, ಹೆಸರು ಬದಲಾಯಿಸಿ ಪ್ರಿಂಟ್ ಹೊಡೆಯುವುದಷ್ಟೇ. ಬಾಕಿ ಕಡತಗಳ ಸಂಖ್ಯೆ ಇಳಿಸಲು ಇದಕ್ಕಿಂತ ಸುಲಭದ ದಾರಿ ಇಲ್ಲ, ಅರ್ಜಿದಾರನಿಗೆ ಇದಕ್ಕಿಂತ ದೊಡ್ಡ ಮೋಸವೂ ಇಲ್ಲ. ಯಾವ ದಾಖಲೆ ಅಂತ ಹೆಸರಿಸದ ಹಿಂಬರಹಕ್ಕೆ ನಾನು ಸಹಿ ಮಾಡುವುದಿಲ್ಲ. ಮಳೆಗಾಲದಲ್ಲಿ, ಕರೆಂಟಿಲ್ಲದ ದಿನ, ಕೈಯಲ್ಲಿ ಬರೆಯುವಾಗಲೂ.

ಫೋನಿನಲ್ಲಿ ಕೂಗಾಡಿದ ಮೆಂಬರು ಎರಡನೇ ಸಲವೂ ಗೆದ್ದರು. ಮೊನ್ನೆ ಒಂದು ಅರ್ಜಿ ಹಿಡಿದು ಬಂದರು: ಖಾಸಗಿ ತೋಟದೊಳಗಿನ ದಾರಿಗೆ ಪಂಚಾಯಿತಿಯಿಂದ ಕಾಂಕ್ರೀಟ್ ಹಾಕಬೇಕಂತೆ. ಆಗುವುದಿಲ್ಲ ಅಂತ ನನಗಿಂತ ಚೆನ್ನಾಗಿ ಅವರಿಗೇ ಗೊತ್ತು.

"ಒಂದು ಹಿಂಬರಹ ಕೊಡಿ ಮೇಡಂ, ಸ್ವಲ್ಪ ಬೇಗ. ನಾನು ಕೇಳಿದೆ, ಪಿಡಿಒನೇ ಕೊಡಲಿಲ್ಲ ಅಂತ ತೋರಿಸಬೇಕು."

ಬರೆದು ಕೊಟ್ಟೆ. ದಾರಿಯನ್ನು ಪಂಚಾಯಿತಿಗೆ ದಾನಪತ್ರ ಮಾಡಿ ಕೊಟ್ಟರೆ ಪರಿಶೀಲಿಸಬಹುದು ಅಂತ ಕೊನೆಯಲ್ಲಿ ಸೇರಿಸಿದ್ದೆ. ಆ ಸಾಲನ್ನು ತೆಗೆಯಲು ಆಗುತ್ತದಾ ಅಂತ ಕೇಳಿದರು. ಆಗಲ್ಲ ಅಂದೆ.