ಅಳಿಯನ ರೈಫಲ್ಲೂ ನನ್ನ ಔಷಧಿ ಪಂಪೂ

ಟೆಕ್ಸಸ್‌ನಲ್ಲಿರುವ ಅಕ್ಕನ ಮಗ ಮೊನ್ನೆ ರಾತ್ರಿ ಫೋನ್ ಮಾಡಿದ್ದ. "ಮಾವ, ರೈಫಲ್ಲಿಗೆ ಅಡ್ಜಸ್ಟಬಲ್ ಗ್ಯಾಸ್ ಬ್ಲಾಕ್ ಹಾಕಿಸ್ಲಾ, ಬೇಡ್ವಾ?" ಅಂತ. ಕೇಳಿದ್ದು ಯಾರನ್ನ ನೋಡಿ! ತೀರ್ಥಹಳ್ಳಿ ಕಡೆ ಅಡಿಕೆ ತೋಟ ಮಾಡಿಕೊಂಡಿರುವ ನನ್ನ ಹತ್ತಿರ ಇರೋದು ಅಪ್ಪನ ಕಾಲದ ಒಂಟಿ ನಳಿಗೆಯ ತೋಟಾ ಕೋವಿ. ಅದನ್ನೂ ಎಲೆಕ್ಷನ್ ಬಂದಾಗೆಲ್ಲ ಸ್ಟೇಷನ್ನಿಗೆ ಒಪ್ಪಿಸಿ ಬರಬೇಕು, ಮಂಗಗಳಿಗೆ ಆ ತಿಂಗಳು ಹಬ್ಬ. ಸೆಮಿ ಆಟೋಮ್ಯಾಟಿಕ್ ರೈಫಲ್ಲು ನಮ್ಮ ಬೆಳೆ ರಕ್ಷಣೆ ಲೈಸೆನ್ಸಿನಲ್ಲಿ ಸಿಗುವ ಸಾಮಾನೇ ಅಲ್ಲ. ಇರೋ ಕೋವಿಗೆ ಮನೆಯಲ್ಲೇ ಏನಾದರೂ ಜೋಡಿಸುತ್ತೇನೆ ಅಂತ ಹೊರಟರೆ 1959ರ ಶಸ್ತ್ರಾಸ್ತ್ರ ಕಾಯ್ದೆ ಕಾಯ್ತಾ ಇರುತ್ತೆ. ಆದರೂ ಯಂತ್ರದ ವಿಷಯ ಅಂದ್ರೆ ನನಗೆ ಊಟ ಬೇಡ, ಅವನಿಗೂ ಅದು ಗೊತ್ತು.

ಅವನದು ಎಆರ್-15. ಯೂಜೀನ್ ಸ್ಟೋನರ್ ಅನ್ನುವ ಎಂಜಿನಿಯರ್ 1950ರ ದಶಕದಲ್ಲಿ ಹುಟ್ಟುಹಾಕಿದ ವಿನ್ಯಾಸದ್ದು. ಗುಂಡು ನಳಿಗೆಯಲ್ಲಿ ಮುಂದೆ ಹೋಗುವಾಗ ಅದರ ಹಿಂದಿನ ಬಿಸಿ ಗ್ಯಾಸಿನಲ್ಲಿ ಸ್ವಲ್ಪ ಪಾಲು ನಳಿಗೆಯ ಮೇಲಿನ ಒಂದು ಸಣ್ಣ ತೂತಿನಿಂದ ಹೊರಗೆ ಬರುತ್ತೆ. ಆ ತೂತಿನ ಮೇಲೆ ಕೂತಿರೋದೇ ಗ್ಯಾಸ್ ಬ್ಲಾಕ್. ಅಲ್ಲಿಂದ ಒಂದು ತೆಳು ಕೊಳವೆಯಲ್ಲಿ ಗ್ಯಾಸು ಹಿಂದಕ್ಕೆ ಬಂದು ಬೋಲ್ಟನ್ನು, ಅಂದ್ರೆ ನಳಿಗೆಯ ಹಿಂಬದಿ ಮುಚ್ಚಿಕೊಂಡು ಹಿಂದೆ ಮುಂದೆ ಜಾರುವ ಉಕ್ಕಿನ ತುಂಡನ್ನು, ತಳ್ಳುತ್ತೆ, ಖಾಲಿ ತೋಟಾ ಹೊರಗೆ ಹಾರುತ್ತೆ, ಸ್ಪ್ರಿಂಗು ಬೋಲ್ಟನ್ನು ವಾಪಸ್ ದೂಡಿ ಹೊಸದನ್ನು ಒಳಗೆ ಕೂರಿಸುತ್ತೆ. ತಕರಾರು ಇರೋದು ಆ ತೂತಿನಲ್ಲಿ. ಅಗ್ಗದ, ಸಪ್ಪೆ ಮದ್ದಿನ ತೋಟಾ ಹಾಕಿದರೂ ರೈಫಲ್ ನಿಲ್ಲಬಾರದು ಅಂತ ತಯಾರಕರು ಅದನ್ನು ಒಂಚೂರು ದೊಡ್ಡದಾಗೇ ಕೊರೆಯುತ್ತಾರೆ. ಹಾಗಾಗಿ ಒಳ್ಳೆ ತೋಟಾ ಹಾಕಿದಾಗ ಗ್ಯಾಸು ಜಾಸ್ತಿಯಾಗಿ ಬೋಲ್ಟು ಬೇಕಾದ್ದಕ್ಕಿಂತ ಜೋರಾಗಿ ಹಿಂದಕ್ಕೆ ಬಡಿಯುತ್ತೆ, ಒದೆತ ಜಾಸ್ತಿ, ಸವೆತವೂ ಜಾಸ್ತಿ.

ಇದನ್ನು ಕೇಳ್ತಾ ಕೇಳ್ತಾ ನನಗೆ ನೆನಪಾದದ್ದು ಕೊಟ್ಟಿಗೆ ಪಕ್ಕದಲ್ಲಿ ನಿಂತಿರುವ ಔಷಧಿ ಹೊಡೆಯುವ ಪಂಪು. ಕೊಳೆ ರೋಗಕ್ಕೆ ಬೋರ್ಡೋ ಹೊಡೆಯುವವರಿಗೆಲ್ಲ ಗೊತ್ತು, ಪಂಪಿನ ತಲೆ ಮೇಲೆ ಪ್ರೆಷರಿನ ತಿರುಪು ಇರುತ್ತೆ, ಜಾಸ್ತಿಯಾದ ಔಷಧಿ ಬೈಪಾಸ್ ಪೈಪಿನಲ್ಲಿ ವಾಪಸ್ ಡ್ರಮ್ಮಿಗೆ ಬೀಳುತ್ತೆ. ಅಡ್ಜಸ್ಟಬಲ್ ಗ್ಯಾಸ್ ಬ್ಲಾಕ್ ಅಂದ್ರೆ ಇಂಥದ್ದೇ ತಿರುಪು ಇರುವ ಬ್ಲಾಕು. ಅದರಲ್ಲೂ ಒಂದು ಜಾತಿ ಹೀಗೇ, ಹೆಚ್ಚಾದ ಗ್ಯಾಸನ್ನು ಹೊರಗೆ ಬಿಟ್ಟುಬಿಡುತ್ತೆ. ಇನ್ನೊಂದು ಜಾತಿ ತಿರುಪಿನ ತುದಿಯನ್ನು ದಾರಿಗೆ ಅಡ್ಡ ತಂದು, ಬರೋದನ್ನೇ ಕಡಿಮೆ ಮಾಡುತ್ತೆ, ನಲ್ಲಿ ಅರ್ಧ ಮುಚ್ಚಿದ ಹಾಗೆ. ಜಾಸ್ತಿ ಜನ ಹಾಕಿಸೋದು ಎರಡನೆಯದನ್ನ. ಅದರ ಕಾಯಿಲೆಯೂ ನನ್ನ ಪಂಪಿನದೇ. ಮೈಲುತುತ್ತು, ಸುಣ್ಣ ಸೇರಿ ನನ್ನ ತಿರುಪು ಹೇಗೆ ಹಿಡಿದುಕೊಳ್ಳುತ್ತೋ ಹಾಗೆ ಅಲ್ಲಿ ಮಸಿ ಕಟ್ಟಿ ತಿರುಪು ಕಚ್ಚಿಕೊಳ್ಳುತ್ತೆ. ಆಗಾಗ ಬಿಚ್ಚಿ ಒರೆಸದೆ ಹಾಗೇ ಬಿಟ್ಟರೆ, ತಿರುಗಿಸಲಿಕ್ಕೆ ಅಂತ ದುಡ್ಡು ಕೊಟ್ಟು ತಂದದ್ದು ತಿರುಗದ ತಿರುಪಾಗಿ ಕೂತಿರುತ್ತೆ.

ಪಕ್ಕದ ಮನೆಯಲ್ಲಿ ಒಬ್ಬರು ಮಾಜಿ ಸೈನಿಕರಿದ್ದಾರೆ, ನಮಗೆಲ್ಲ ಅವರು ಮಿಲ್ಟ್ರಿ ಅಣ್ಣ. ಅವರ ಕಿವಿಗೂ ಹಾಕಿದೆ. "ನಮ್ಮ ಎಸ್‌ಎಲ್‌ಆರ್‌ನಲ್ಲಿ ಅದು ಮೊದಲೇ ಇತ್ತಲ್ಲೋ!" ಅಂದರು. ನಿಜ. ಬೆಲ್ಜಿಯಂನ ಎಫ್‌ಎನ್ ಫಾಲ್ ನೋಡಿ ಬಂಗಾಳದ ಇಶಾಪುರ ಕಾರ್ಖಾನೆಯಲ್ಲಿ ಮಾಡಿದ ರೈಫಲ್ಲು ಅದು, ಗ್ಯಾಸ್ ರೆಗ್ಯುಲೇಟರ್ ಅದರ ಜೊತೆಗೇ ಹುಟ್ಟಿತ್ತು. ಆದರೆ ಫೌಜಿಗೆ ಅದು ಬೇಕಾಗಿದ್ದ ಕಾರಣ ಬೇರೆ. ಕೆಸರು, ಮಸಿ ತುಂಬಿ ರೈಫಲ್ಲು ಬಿಗಿಯಾದಾಗ ಗ್ಯಾಸ್ ಜಾಸ್ತಿ ಮಾಡಿಕೊಂಡು ಹೇಗಾದರೂ ಓಡಿಸಬೇಕು. ನನ್ನ ಅಳಿಯನಿಗೆ ಬೇಕಾದ್ದು ಉಲ್ಟಾ, ಕಡಿಮೆ ಮಾಡಿಕೊಂಡು ನುಣ್ಣಗೆ ಓಡಿಸಬೇಕು. ಹೀಗೆ ಕಡಿಮೆ ಮಾಡುವವರು ಕೆಸರಿನ ದಿನಕ್ಕೆ ಏನೂ ಉಳಿಸಿಕೊಂಡಿರಲ್ಲ ಅನ್ನೋದು ಮಿಲ್ಟ್ರಿ ಅಣ್ಣನ ಆಕ್ಷೇಪ, ಅದರಲ್ಲಿ ಅರ್ಥ ಇದೆ.

ಅಳಿಯನಿಗೆ ನಾನು ಮೊದಲು ಕೇಳಿದ್ದು, ಸೈಲೆನ್ಸರ್ ಹಾಕ್ತೀಯಾ ಅಂತ. ಅಮೆರಿಕದ ಬಹಳ ರಾಜ್ಯಗಳಲ್ಲಿ ಅದನ್ನು 1934ರ ಬಂದೂಕು ಕಾಯ್ದೆ ಪ್ರಕಾರ ನೋಂದಾಯಿಸಿ ಇಟ್ಟುಕೊಳ್ಳಬಹುದು. ಅದು ಮುಂದೆ ಕೂತಾಗ ಗ್ಯಾಸು ಬೇಗ ಹೊರಗೆ ಹೋಗದೆ ಹಿಂದಕ್ಕೆ ನುಗ್ಗುತ್ತೆ, ಹೊಡೆಯುವವನ ಮುಖಕ್ಕೇ ಹೊಗೆ ಬಡಿಯುತ್ತೆ. ಒಂದು ದಿನ ಸೈಲೆನ್ಸರ್ ಇದೆ, ಇನ್ನೊಂದು ದಿನ ಇಲ್ಲ ಅನ್ನುವವನಿಗೆ ತಿರುಪು ಬೇಕು, ಕಣ್ಣು ಮುಚ್ಚಿ ತಗೊಳ್ಳಲಿ. ಸ್ಪರ್ಧೆಗೆ ಹೋಗುವವರಿಗೂ ಸರಿ, ಹಗುರ ಬೋಲ್ಟ್ ಹಾಕಿ ಒಂದೇ ಬಗೆಯ ತೋಟಾಕ್ಕೆ ಹದ ಮಾಡಿ ಇಟ್ಟುಬಿಡುತ್ತಾರೆ. ಇವನು ಎರಡೂ ಅಲ್ಲ. ತಿಂಗಳಿಗೊಮ್ಮೆ ಹೋಗಿ ಕಾಗದಕ್ಕೆ ಹೊಡೆದು ಬರುವವನು!

ಇಂಥವನಿಗೆ ಬಫರ್ ಬದಲಾಯಿಸಿದರೆ ಸಾಕು ಅಂದೆ. ಹಿಂದಿನ ಸ್ಪ್ರಿಂಗಿನ ಜೊತೆ ಇರುವ ಆ ತೂಕದ ತುಂಡು ಮಾಮೂಲಿಯದು ಸುಮಾರು 85 ಗ್ರಾಂ, ಎಚ್‌2 ಅನ್ನೋ ಭಾರದ್ದು ಸುಮಾರು 130. ತೂಕ ಜಾಸ್ತಿಯಾದರೆ ಬೋಲ್ಟು ಅಷ್ಟು ಜೋರಾಗಿ ಹಿಂದಕ್ಕೆ ಬಡಿಯಲ್ಲ. ಕಡಿಮೆ ದುಡ್ಡು, ಕಚ್ಚಿಕೊಳ್ಳುವ ತಿರುಪಿಲ್ಲ. ಮುಂದೆ ಯಾವಾಗಾದರೂ ಹೊಸ ನಳಿಗೆ ತಗೊಂಡರೆ ಗ್ಯಾಸ್ ಕೊಳವೆ ಉದ್ದ ಇರುವ ಮಿಡ್‌ಲೆಂತ್ ತಗೋ, ತೂತು ಮುಂದೆ ಹೋದಷ್ಟೂ ಒತ್ತಡ ಇಳಿದಿರುತ್ತೆ ಅಂತಲೂ ಹೇಳಿದೆ.

"ಇಲ್ಲ ಮಾವ, ಹಾಕ್ಸೇ ಹಾಕ್ಸ್ತೀನಿ" ಅಂದ. ಹಾಕ್ಸು ಮಾರಾಯ. ಹದ ಮಾಡುವಾಗ ಮಾತ್ರ ಆತುರ ಬೇಡ ಅಂದೆ. ಮ್ಯಾಗಜೀನಿಗೆ ಒಂದೇ ತೋಟಾ ಹಾಕಿ ಹೊಡೀಬೇಕು, ಗ್ಯಾಸು ಸಾಕಾಗಿದ್ದರೆ ಬೋಲ್ಟು ಹಿಂದೆ ಹೋಗಿ ಅಲ್ಲೇ ನಿಲ್ಲುತ್ತೆ, ಸಾಲದಿದ್ದರೆ ಮುಂದೆ ಬಂದುಬಿಡುತ್ತೆ. ತಿರುಪನ್ನು ಮುಚ್ಚಿದ ಕಡೆಯಿಂದ ಸ್ವಲ್ಪಸ್ವಲ್ಪ ತೆರೀತಾ ಬಂದು, ಬೋಲ್ಟು ಹಿಂದೆ ನಿಂತ ಜಾಗದಿಂದ ಇನ್ನೊಂದೆರಡು ಕ್ಲಿಕ್ ತೆರೆದು ಬಿಡಬೇಕು. ಚಳಿಯಲ್ಲಿ ಮದ್ದಿನ ಜೋರು ಇಳಿಯುತ್ತೆ, ಮಸಿ ಬೇರೆ ಕಟ್ಟುತ್ತೆ. ಬಿಸಿಲಿನ ದಿನ ಗೀಟು ಹೊಡೆದ ಹಾಗೆ ಹದ ಮಾಡಿಟ್ಟ ರೈಫಲ್ಲು ಚಳಿಗಾಲದ ಬೆಳಿಗ್ಗೆ ಕೈ ಕೊಡುತ್ತೆ.

ಅವನು ಇನ್ನೂ ಏನೋ ಕೇಳ್ತಾ ಇದ್ದ, ನಾನೇ ಫೋನ್ ಇಟ್ಟೆ. ಮಳೆ ಬಿಡುವು ಕೊಟ್ಟರೆ ನಾಳೆ ಎರಡನೇ ಸುತ್ತಿನ ಔಷಧಿ, ಮರ ಹತ್ತುವ ಕೊನೆಗಾರ ಏಳಕ್ಕೇ ಬರ್ತಾನೆ. ಪಂಪಿನ ತಿರುಪು ಹೋದ ಸಲ ತೊಳೆಯದೆ ಇಟ್ಟಿದ್ದಕ್ಕೆ ಸರಿಯಾಗಿ ಹಿಡಿದುಕೊಂಡಿದೆ, ಸಂಜೆಯಿಂದ ಸೀಮೆಎಣ್ಣೆ ಬಿಟ್ಟು ಕಾಯ್ತಾ ಇದ್ದೇನೆ.