ಸಂಘದ ರೊಟ್ಟಿ

ಕಲಬುರಗಿ ಕಡೆಯ ಮಹಿಳಾ ಸಂಘದವರು ಮಾಡಿದ ಖಡಕ್ ರೊಟ್ಟಿ ಇವತ್ತು ಮನೆಗೆ ಬಂತು. ಹಪ್ಪಳದಷ್ಟು ತೆಳು, ಅಲ್ಲಲ್ಲಿ ಸಣ್ಣ ಸುಟ್ಟ ಚುಕ್ಕಿ. ಶೇಂಗಾ ಹಿಂಡಿ, ಮೊಸರು ಹಚ್ಚಿಕೊಂಡು ತಿಂದೆ. ಜೋಳದ ಹಿಟ್ಟಿಗೆ ಕುದಿಯೋ ನೀರು ಹಾಕಿ ನಾದಬೇಕು, ಕೈಯಲ್ಲೇ ತಟ್ಟಬೇಕು, ಗರಿಗರಿಯಾಗುವ ತನಕ ಹಂಚಿನ ಮುಂದೆ ಕೂರಬೇಕು. ಹೆಣ್ಣುಮಕ್ಕಳು ಇದನ್ನು ಮನೆಯಲ್ಲಿ ಜೀವನವಿಡೀ ಮಾಡಿದ್ದಾರೆ. ಯಾರೂ ದುಡ್ಡು ಕೊಟ್ಟಿರಲಿಲ್ಲ, ಅಲ್ವಾ? ಈಗ ಸಂಘ ಅದೇ ಕೆಲಸವನ್ನು ದುಡಿಮೆ ಮಾಡಿದೆ.

ಸ್ವಸಹಾಯ ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಕೆಲಸವನ್ನು ನಬಾರ್ಡ್ (ಕೃಷಿ, ಗ್ರಾಮೀಣ ಅಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕು) 1992ರಲ್ಲಿ ಶುರು ಮಾಡಿದ್ದು ಬರೀ 500 ಗುಂಪುಗಳ ಗುರಿ ಇಟ್ಟುಕೊಂಡು. ಅದಕ್ಕೂ ಮೊದಲೇ ನಮ್ಮ ರಾಜ್ಯದಲ್ಲಿ ಮೈರಾಡ ಅನ್ನೋ ಸ್ವಯಂಸೇವಾ ಸಂಸ್ಥೆ ಇಂಥ ಗುಂಪುಗಳನ್ನು ಕಟ್ಟಿತ್ತು. ಅಡ ಇಡಲು ಹೊಲ, ಚಿನ್ನ ಇಲ್ಲದವರಿಗೂ ಸಾಲ ಸಿಕ್ಕಿತು. ಸಾಲ ಯಾರಿಗೆ ಮೊದಲು ಅಂತ ಗುಂಪಿನವರೇ ಕೂತು ತೀರ್ಮಾನಿಸಿದರು. ನನಗೆ ಜಾಸ್ತಿ ಖುಷಿ ಕೊಡೋದು ಇದೇ.

ಆದರೆ ಗುಳೆ ಹೋಗುವವರು, ವಾರದ ಉಳಿತಾಯ ಕಟ್ಟಲಾಗದವರು ಎಷ್ಟೋ ಸಲ ಹೊರಗೇ ಉಳಿದುಬಿಡುತ್ತಾರೆ. ಸಭೆಗೆ ಬರಲಿಲ್ಲ ಅಂತ ಹೆಸರು ಹೊಡೆದು ಹಾಕುವ ಬದಲು, ಊರಲ್ಲಿರುವ ತಿಂಗಳಲ್ಲಿ ಮಾತ್ರ ಕಟ್ಟಿ ಅನ್ನಬಹುದಲ್ವಾ? ಸಂಘದ ತರಬೇತಿಯನ್ನೂ ಅವರು ವಾಪಸ್ ಬರುವ ಹೊತ್ತಿಗೇ ಇಟ್ಟುಕೊಳ್ಳಬಹುದು.