ಪೇಸ್ಲಿಪ್‌ನಲ್ಲಿ 398, ಬ್ಯಾಂಕಿನಲ್ಲಿ 1,698

ಬ್ರಿಟನ್ನಿನಲ್ಲಿ ಕಾಂಟ್ರಾಕ್ಟ್ ಕೆಲಸಕ್ಕೆ ಇಳಿಯುವ ನಮ್ಮ ಕಡೆಯವರು ನನ್ನನ್ನು ಮೊದಲು ಕೇಳುವುದು ಇದನ್ನೇ: "ಅಕ್ಕಾ, ಯಾವ ಅಂಬ್ರೆಲಾ ಕಂಪನಿ ಸೇರಿದರೆ ಕೈಗೆ ಜಾಸ್ತಿ ಬರುತ್ತೆ?" ನಾನು ರೆಡಿಂಗ್‌ನಲ್ಲಿ ಒಂದು ಸಣ್ಣ ಅಕೌಂಟೆಂಟ್ ಆಫೀಸಿನಲ್ಲಿ ಪೇರೋಲ್ ನೋಡಿಕೊಳ್ಳುತ್ತೇನೆ. ದಿನವಿಡೀ ಪೇಸ್ಲಿಪ್‌ಗಳೇ. ಅದಕ್ಕೆ ಯುಗಾದಿ, ದೀಪಾವಳಿ ಅಂತ ಸೇರಿದಾಗಲೂ ಯಾರಾದರೂ ಫೋನ್ ತೆಗೆದು ತಮ್ಮ ಪೇಸ್ಲಿಪ್ ತೋರಿಸುವುದು ಇದ್ದೇ ಇರುತ್ತದೆ. ನಾನು ಬೇಜಾರು ಮಾಡಿಕೊಳ್ಳುವುದಿಲ್ಲ. ತೋರಿಸದೇ ಇರುವವರ ಬಗ್ಗೆಯೇ ನನಗೆ ಹೆಚ್ಚು ಚಿಂತೆ.

ಇಲ್ಲಿಗೆ ಹೊಸಬರಾದವರಿಗೆ ಸ್ವಲ್ಪ ಹಿನ್ನೆಲೆ ಹೇಳುತ್ತೇನೆ. ಮೊದಲೆಲ್ಲ ಐಟಿ ಕಾಂಟ್ರಾಕ್ಟರುಗಳು ತೆರಿಗೆ ಕಡಿಮೆ ಬೀಳುತ್ತದೆಂದು ತಮ್ಮದೇ ಲಿಮಿಟೆಡ್ ಕಂಪನಿ ಮಾಡಿಕೊಂಡು ಬಿಲ್ ಹಾಕುತ್ತಿದ್ದರು. ಅದಕ್ಕೆ ಕಡಿವಾಣ ಹಾಕಲು 2000ದಲ್ಲಿ ಐಆರ್35 ನಿಯಮ ಬಂತು. ನೀನು ನಿಜಕ್ಕೂ ಸ್ವತಂತ್ರನೋ, ಅಥವಾ ಆ ಕಂಪನಿಯ ನೌಕರನ ಹಾಗೆಯೇ ಕೆಲಸ ಮಾಡುತ್ತಿದ್ದೀಯೋ ಎಂದು ನೋಡುವ ನಿಯಮ ಅದು. ಮೊದಲು ಆ ತೀರ್ಮಾನ ಕಾಂಟ್ರಾಕ್ಟರಿನದೇ ಆಗಿತ್ತು. 2017ರಲ್ಲಿ ಸರ್ಕಾರಿ ವಲಯದಲ್ಲಿ, 2021ರ ಏಪ್ರಿಲ್‌ನಿಂದ ಖಾಸಗಿ ವಲಯದ ಮಧ್ಯಮ ಮತ್ತು ದೊಡ್ಡ ಕಂಪನಿಗಳಲ್ಲಿ ಆ ಹೊಣೆ ಕೆಲಸ ಕೊಡುವವರ ಮೇಲೆ ಬಿತ್ತು. ನಮಗ್ಯಾಕೆ ತಲೆನೋವು ಎಂದು ಎಷ್ಟೋ ಕಂಪನಿಗಳು "ಅಂಬ್ರೆಲಾ ಮೂಲಕವೇ ಬನ್ನಿ" ಎಂದುಬಿಟ್ಟವು. ಅಂದರೆ ಏಜೆನ್ಸಿ ನಿಮ್ಮ ದಿನದ ರೇಟನ್ನು ಅಂಬ್ರೆಲಾಗೆ ಕೊಡುತ್ತದೆ. ಅಂಬ್ರೆಲಾ ನಿಮ್ಮನ್ನು ನೌಕರರಾಗಿ ಇಟ್ಟುಕೊಂಡು, ತೆರಿಗೆ ಹಿಡಿದು, ಉಳಿದಿದ್ದನ್ನು ನಿಮಗೆ ಕೊಡುತ್ತದೆ. ಇಷ್ಟರಲ್ಲಿ ತಪ್ಪೇನೂ ಇಲ್ಲ. ನೆಟ್ಟಗೆ ನಡೆಸುವ ಅಂಬ್ರೆಲಾಗಳು ಬೇಕಾದಷ್ಟಿವೆ.

ಹಾಸನದ ಕಡೆಯ ಒಬ್ಬ ಹುಡುಗ ಇತ್ತೀಚೆಗೆ ತನ್ನ ಪೇಸ್ಲಿಪ್ ಕಳಿಸಿದ. ಟೆಸ್ಟಿಂಗ್ ಕೆಲಸ, ದಿನಕ್ಕೆ 400 ಪೌಂಡ್, ವಾರಕ್ಕೆ 2,000. ಪೇಸ್ಲಿಪ್‌ನಲ್ಲಿ ಒಟ್ಟು ಸಂಬಳ 458 ಪೌಂಡ್ ಎಂದಿತ್ತು. ಅದು ವಾರಕ್ಕೆ 37.5 ಗಂಟೆಗೆ ಇಲ್ಲಿನ 2025-26ರ ಕನಿಷ್ಠ ಕೂಲಿ, ಗಂಟೆಗೆ 12.21ರ ಲೆಕ್ಕ. ತೆರಿಗೆ ಕಳೆದು ಕೊನೆಯ ಸಾಲಿನಲ್ಲಿ 398. ಆದರೆ ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ಅದೇ ಶುಕ್ರವಾರ ಎರಡು ಜಮೆ: ಒಂದು 398, ಇನ್ನೊಂದು 1,300. ಎರಡನೆಯದು ಪೇಸ್ಲಿಪ್‌ನಲ್ಲಿ ಎಲ್ಲೂ ಇಲ್ಲ. ಕಳಿಸಿದ ಖಾತೆಯ ಹೆಸರೂ ಬೇರೆ.

"ಇದೇನಪ್ಪಾ?" ಅಂದೆ.

"ಅದು ಅಡ್ವಾನ್ಸ್ ಅಂತೆ ಅಕ್ಕಾ. ಸಾಲದ ಥರ ತೋರಿಸ್ತಾರೆ, ಅದಕ್ಕೆ ಟ್ಯಾಕ್ಸ್ ಇಲ್ಲ. ವಾಪಸ್ ಕೊಡಬೇಕಾಗಿಲ್ಲ. ಎಲ್ಲಾ ಲೀಗಲ್ ಅಂತ ಬ್ಯಾರಿಸ್ಟರ್ ಬರೆದುಕೊಟ್ಟಿದ್ದಾರಂತೆ."

ಅವನಿಗೆ ನಾನು ಬಿಡಿಸಿಟ್ಟ ಲೆಕ್ಕ ಹೀಗಿತ್ತು. 2025-26ರ ದರದಲ್ಲಿ ಒಂದು ಸರಿಯಾದ ಅಂಬ್ರೆಲಾ ಆ 2,000ದಲ್ಲಿ ತನ್ನ ಪಾಲು ಅಂತ ಸುಮಾರು 20 ಪೌಂಡ್ ಇಟ್ಟುಕೊಳ್ಳುತ್ತದೆ. ಮಾಲೀಕರ ಕಡೆಯ ನ್ಯಾಷನಲ್ ಇನ್ಶೂರೆನ್ಸ್ (ಸಾಮಾಜಿಕ ಭದ್ರತೆಗೆಂದು ಸರ್ಕಾರಕ್ಕೆ ಕಟ್ಟುವ ವಂತಿಗೆ) ಶೇಕಡಾ 15ರಂತೆ ಸುಮಾರು 245 ಹೋಗುತ್ತದೆ. ಹೌದು, ಅದೂ ನಿಮ್ಮ ರೇಟಿನಿಂದಲೇ ಹೋಗುವುದು, ಹೊಸಬರಿಗೆ ಇದು ನುಂಗಲಾರದ ತುತ್ತು. ಕೆಲಸದ ತರಬೇತಿಗೆಂದು ಸರ್ಕಾರ ಹಿಡಿಯುವ ಅಪ್ರೆಂಟಿಸ್‌ಶಿಪ್ ಲೆವಿ ಒಂಬತ್ತು ಪೌಂಡಿನಷ್ಟು. ಉಳಿದ 1,727 ನಿಮ್ಮ ಸಂಬಳ. ಅದರಲ್ಲಿ ಇನ್‌ಕಮ್ ಟ್ಯಾಕ್ಸ್ ಸುಮಾರು 449, ನಿಮ್ಮ ಕಡೆಯ ನ್ಯಾಷನಲ್ ಇನ್ಶೂರೆನ್ಸ್ 73. ಪೆನ್ಷನ್ ಬಿಟ್ಟು ಕೈಗೆ ಬರುವುದು ಹತ್ತಿರಹತ್ತಿರ 1,205. ಅಂದರೆ ನೂರಕ್ಕೆ ಅರವತ್ತು. ಈ ರೇಟಿಗೆ ಯಾವ ಅಂಬ್ರೆಲಾ ಸೇರಿದರೂ ನಾಲ್ಕಾರು ಪೌಂಡ್ ಆಚೀಚೆ ಅಷ್ಟೇ, ಯಾಕೆಂದರೆ ಎಲ್ಲರಿಗೂ ತೆರಿಗೆ ಒಂದೇ. ಯಾರಾದರೂ ಎಂಬತ್ತು, ಎಂಬತ್ತೈದು ಪರ್ಸೆಂಟ್ ಕೈಗೆ ಕೊಡುತ್ತೇವೆ ಎಂದರೆ ಆ ಹೆಚ್ಚಿನ ದುಡ್ಡು ಬರುವುದು ನೀವು ಕಟ್ಟಬೇಕಾದ ತೆರಿಗೆಯಿಂದಲೇ. ಬೇರೆಲ್ಲಿಂದಲೂ ಬರಲು ಸಾಧ್ಯವಿಲ್ಲ.

ಈಗ ಅವನ ಲೆಕ್ಕದಲ್ಲಿ ಉಳಿದದ್ದನ್ನು ನೋಡಿ. 2,000ದಲ್ಲಿ ಕನಿಷ್ಠ ಕೂಲಿ 458, ಅದರ ಮೇಲಿನ ಮಾಲೀಕರ ಕಡೆಯ ಕಟಾವು ಸುಮಾರು 56, "ಅಡ್ವಾನ್ಸ್" 1,300. ಎಲ್ಲಾ ಸೇರಿ 1,814. ಮಿಕ್ಕ 186 ಪೌಂಡ್ ಸ್ಕೀಮ್ ನಡೆಸುವವರ ಜೇಬಿಗೆ. ವಾರವಾರವೂ! ನೆಟ್ಟಗಿನ ಅಂಬ್ರೆಲಾ 20 ಪೌಂಡ್‌ಗೆ ಮಾಡುವ ಕೆಲಸಕ್ಕೆ ಇವರು ಅದರ ಒಂಬತ್ತು ಪಟ್ಟು ತೆಗೆದುಕೊಳ್ಳುತ್ತಾರೆ. ತೆರಿಗೆ ಇಲಾಖೆಯ ಪತ್ರ ಬರುವ ಹೊತ್ತಿಗೆ ಆ ಕಂಪನಿಯೇ ಮುಚ್ಚಿರುತ್ತದೆ. ಬೇರೆ ಹೆಸರಿನಲ್ಲಿ ಇನ್ನೊಂದು ಎದ್ದಿರುತ್ತದೆ. ಪತ್ರ ಬರುವುದು ನಿಮ್ಮ ಮನೆ ಬಾಗಿಲಿಗೆ. ಸರಿಯಾದ ತೆರಿಗೆ ಕಟ್ಟುವ ಜವಾಬ್ದಾರಿ ನಿಮ್ಮದು, ಸ್ಕೀಮ್ ಮಾರಿದವರು ಏನೇ ಹೇಳಿರಲಿ, ಎನ್ನುವುದು ಎಚ್‌ಎಂಆರ್‌ಸಿಯ, ಅಂದರೆ ಇಲ್ಲಿನ ತೆರಿಗೆ ಇಲಾಖೆಯ, ನಿಲುವು. ಆ ಹುಡುಗ ವರ್ಷದಲ್ಲಿ 45 ವಾರ ಹೀಗೆ ದುಡಿದಿದ್ದರೆ ಇನ್‌ಕಮ್ ಟ್ಯಾಕ್ಸ್ ಒಂದೇ 17,000 ಪೌಂಡ್‌ಗೂ ಮೇಲೆ ಬಾಕಿ. ಅದರ ಮೇಲೆ ಬಡ್ಡಿ, ಬಹುಶಃ ದಂಡ. ಸ್ಕೀಮಿಗೆ ಕೊಟ್ಟ ಫೀಸು ವಾಪಸ್ ಬರುವ ಮಾತೇ ಇಲ್ಲ.

ಇದು ಸುಮ್ನೆ ಹೆದರಿಸುವ ಮಾತಲ್ಲ. ಈ ದೇಶದಲ್ಲಿ ಆಗಿಹೋದ ಕಥೆ. ಸಂಬಳವನ್ನು ಸಾಲ ಎಂದು ತೋರಿಸಿ ಕೊಡುವ ಪದ್ಧತಿ ಇಲ್ಲಿ ವರ್ಷಾನುಗಟ್ಟಲೆ ನಡೆಯಿತು. ದುಡ್ಡು ಐಲ್ ಆಫ್ ಮ್ಯಾನ್‌ನಂಥ ಕಡೆಯ ಟ್ರಸ್ಟ್‌ಗಳ ಮೂಲಕ ಸುತ್ತಿ ಬರುತ್ತಿತ್ತು. ಐಟಿಯವರಷ್ಟೇ ಅಲ್ಲ, ನರ್ಸ್‌ಗಳು, ಸೋಷಿಯಲ್ ವರ್ಕರ್‌ಗಳು ಕೂಡ ಇದರೊಳಗೆ ಬಿದ್ದರು. 2017ರ ಜುಲೈಯಲ್ಲಿ ಗ್ಲಾಸ್ಗೋದ ರೇಂಜರ್ಸ್ ಫುಟ್‌ಬಾಲ್ ಕ್ಲಬ್ಬಿನ ಪ್ರಕರಣದಲ್ಲಿ, ಕೆಲಸಕ್ಕೆ ಪ್ರತಿಯಾಗಿ ಟ್ರಸ್ಟಿಗೆ ಹೋದ ದುಡ್ಡೂ ಸಂಬಳವೇ, ಅದಕ್ಕೂ ತೆರಿಗೆ ಇದೆ ಎಂದು ಸುಪ್ರೀಂ ಕೋರ್ಟ್ ಹೇಳಿತು. ಸರ್ಕಾರ ಅದಕ್ಕೂ ಮೊದಲೇ, 2016ರ ಬಜೆಟ್‌ನಲ್ಲಿ, ಲೋನ್ ಚಾರ್ಜ್ ಘೋಷಿಸಿತ್ತು. 1999ರಿಂದ ತೆಗೆದುಕೊಂಡು 2019ರ ಏಪ್ರಿಲ್ 5ರವರೆಗೂ ತೀರದೆ ಉಳಿದ ಸಾಲವನ್ನೆಲ್ಲ ಒಂದೇ ವರ್ಷದ ಆದಾಯ ಎಂದು ಹಿಡಿದು ತೆರಿಗೆ ಹಾಕುವ ಕಾನೂನು ಅದು. ಹತ್ತು ವರ್ಷದ ದುಡಿಮೆಯನ್ನು ಒಂದೇ ವರ್ಷಕ್ಕೆ ಪೇರಿಸಿದರೆ ಮೇಲಿನ ದರದ ತೆರಿಗೆಯೇ ಬೀಳುತ್ತದೆ ಅಲ್ವಾ? ಸುಮಾರು 50,000 ಜನರಿಗೆ ಇದು ತಟ್ಟಿತು. 2019ರ ಕೊನೆಗೆ, ಇದನ್ನು ಪರಿಶೀಲಿಸಲು ಸರ್ಕಾರ ನೇಮಿಸಿದ್ದ ಸರ್ ಅಮಿಯಾಸ್ ಮೋರ್ಸ್ ಅವರ ವರದಿ ಬಂದ ಮೇಲೆ 2010ರ ಡಿಸೆಂಬರ್ 9ಕ್ಕಿಂತ ಹಿಂದಿನ ಸಾಲಗಳನ್ನು ಕೈಬಿಟ್ಟರು, ಉಳಿದಿದ್ದನ್ನು ಮೂರು ವರ್ಷಕ್ಕೆ ಹಂಚಿಕೊಳ್ಳಲು ಬಿಟ್ಟರು. ಅಷ್ಟರಲ್ಲಿ ಎಷ್ಟೋ ಮನೆಗಳು ನಲುಗಿಹೋಗಿದ್ದವು. ಲೋನ್ ಚಾರ್ಜ್ ಎದುರಿಸುತ್ತಿದ್ದ 10 ಜನ ಆತ್ಮಹತ್ಯೆ ಮಾಡಿಕೊಂಡಿದ್ದನ್ನು ಎಚ್‌ಎಂಆರ್‌ಸಿಯೇ ತನ್ನ ಮೇಲಿನ ದೂರುಗಳನ್ನು ನೋಡುವ ಸ್ವತಂತ್ರ ತನಿಖಾ ಸಂಸ್ಥೆಗೆ ವರದಿ ಮಾಡಿದೆ. ಇದನ್ನು ಬರೆಯುವಾಗಲೂ ನನಗೆ ಸಂಕಟವಾಗುತ್ತದೆ. ಸ್ಕೀಮ್ ಮಾರಿ ದುಡ್ಡು ಮಾಡಿಕೊಂಡವರಲ್ಲಿ ಹೆಚ್ಚಿನವರು ಆರಾಮಾಗಿ ಉಳಿದರು ಎನ್ನುವುದು ಇನ್ನೂ ದೊಡ್ಡ ಸಂಕಟ.

ಇನ್ನೊಂದು ವಿಷಯ ನಮ್ಮವರಿಗೆ ಗೊತ್ತೇ ಇರುವುದಿಲ್ಲ. ಆ ಕಾಗದದ ಮೇಲಿನ ಸಾಲ ನಿಜವಾದ ಸಾಲವಾಗಿಯೂ ನಿಮ್ಮ ಕೊರಳಿಗೆ ಬೀಳಬಹುದು. ಹಳೆಯ ಟ್ರಸ್ಟ್‌ಗಳ ಸಾಲದ ಕಡತವನ್ನು ಬೇರೆಯವರು ಕೊಂಡುಕೊಂಡು, "ನೀವು ಸಹಿ ಹಾಕಿದ್ದೀರಿ, ದುಡ್ಡು ವಾಪಸ್ ಕೊಡಿ" ಎಂದು ಕಾಂಟ್ರಾಕ್ಟರುಗಳ ಬೆನ್ನು ಬಿದ್ದದ್ದಿದೆ. ತೆರಿಗೆ ಕಟ್ಟಿದ ಮಾತ್ರಕ್ಕೆ ಸಾಲ ತೀರಿದ ಹಾಗಲ್ಲ.

ನಮ್ಮ ಜನಕ್ಕೆ ವೀಸಾದ ಭಯವೂ ಬೇರೆ. ಟಿಯರ್ 1 ಜನರಲ್ ವೀಸಾದಲ್ಲಿ ಬಂದವರಲ್ಲಿ ಹಲವರಿಗೆ, ವೀಸಾ ನೋಡಿಕೊಳ್ಳುವ ಹೋಮ್ ಆಫೀಸಿಗೆ ತೋರಿಸಿದ ಆದಾಯಕ್ಕೂ ತೆರಿಗೆ ಇಲಾಖೆಗೆ ತೋರಿಸಿದ್ದಕ್ಕೂ ತಾಳೆಯಾಗಲಿಲ್ಲ ಎಂದು ಪರ್ಮನೆಂಟ್ ಆಗಿ ಉಳಿಯುವ ಅನುಮತಿ ಸಿಗಲಿಲ್ಲ. 2019ರಲ್ಲಿ ಅಂಥ ಪ್ರಕರಣಗಳು ಕೋರ್ಟ್ ಆಫ್ ಅಪೀಲ್‌ವರೆಗೂ ಹೋದವು. ಪೌರತ್ವದ ಅರ್ಜಿಯಲ್ಲೂ ತೆರಿಗೆ ಸರಿಯಾಗಿ ಕಟ್ಟಿದ್ದೀರಾ ಎಂದು ನೋಡುತ್ತಾರೆ. ಹಾಸನದ ಹುಡುಗನಿಗೆ ಐಎಲ್‌ಆರ್, ಅಂದರೆ ಆ ಪರ್ಮನೆಂಟ್ ಅನುಮತಿ, ಸಿಕ್ಕಿತ್ತು, ಮುಂದಿನ ವರ್ಷ ಬ್ರಿಟಿಷ್ ಪಾಸ್‌ಪೋರ್ಟ್ ಅಂದುಕೊಂಡಿದ್ದ. ಮನೆ ಕೊಳ್ಳುವ ಆಸೆಯೂ ಇತ್ತು. ವಾರಕ್ಕೆ 458ರ ಪೇಸ್ಲಿಪ್ ಹಿಡಿದು ಹೋದರೆ ಯಾವ ಬ್ಯಾಂಕ್ ಎಷ್ಟು ಸಾಲ ಕೊಟ್ಟೀತು?

ನನಗೆ ತೀರಾ ಸಿಟ್ಟು ಬರುವುದು ಈ ಸ್ಕೀಮ್‌ಗಳು ನಮ್ಮೊಳಗೆ ಹರಡುವ ದಾರಿ ನೋಡಿ. ಜಾಹೀರಾತು ನೋಡಿ ಸೇರಿದವರು ನನಗೆ ಸಿಕ್ಕಿದ್ದೇ ಕಡಿಮೆ. "ನಮ್ಮ ಊರಿನವರೇ ಹೇಳಿದ್ದು", "ಟೀಮಿನಲ್ಲಿ ಎಲ್ಲರೂ ಅದರಲ್ಲೇ ಇದ್ದಾರೆ", ಹೀಗೇ ಶುರು. ಸೇರಿಸಿದವರಿಗೆ ತಲೆಗೆ ಇಷ್ಟು ಎಂದು ವೋಚರ್ ಸಿಗುತ್ತದೆ. ಪರದೇಶದಲ್ಲಿ ನಮ್ಮ ಭಾಷೆಯವರು ಹೇಳಿದರೆ ಯಾರೂ ಎರಡನೇ ಸಲ ಕೇಳುವುದಿಲ್ಲ. ಮನೆ ಹುಡುಕಿಕೊಟ್ಟವರು, ಮಗುವಿಗೆ ಸ್ಕೂಲ್ ತೋರಿಸಿದವರು ಅವರೇ ಆಗಿರುತ್ತಾರೆ. ಹೇಳುವವರೂ ಕೆಟ್ಟವರಲ್ಲ, ಅವರಿಗೂ ಪತ್ರ ಇನ್ನೂ ಬಂದಿರುವುದಿಲ್ಲ ಅಷ್ಟೇ. ಆದ್ದರಿಂದ ವೋಚರ್ ಆಸೆಗೆ ಇನ್ನೊಬ್ಬರನ್ನು ಸೇರಿಸಬೇಡಿ. ಕೈಮುಗಿದು ಕೇಳುತ್ತೇನೆ.

"ಎಚ್‌ಎಂಆರ್‌ಸಿ ಅಪ್ರೂವ್ಡ್" ಎಂದು ಯಾರಾದರೂ ಹೇಳಿದರೆ ಅಲ್ಲಿಗೇ ನಿಲ್ಲಿಸಿ. ತೆರಿಗೆ ತಪ್ಪಿಸುವ ಯಾವ ಸ್ಕೀಮನ್ನೂ ಅವರು ಒಪ್ಪುವುದಿಲ್ಲ. ಕೆಲವರು ಒಂದು ರೆಫರೆನ್ಸ್ ನಂಬರ್ ತೋರಿಸುತ್ತಾರೆ. ಇಂಥ ಸ್ಕೀಮ್ ಇದೆ ಎಂದು ಇಲಾಖೆಗೆ ತಿಳಿಸಿದಾಗ ಕೊಡುವ ನಂಬರ್ ಅದು, ಒಪ್ಪಿಗೆಯ ಮುದ್ರೆಯಲ್ಲ. ಹೆಸರೂ ಬದಲಾಗುತ್ತಲೇ ಇರುತ್ತದೆ: ಸಾಲ, ಅಡ್ವಾನ್ಸ್, ಗ್ರಾಂಟ್, ಆನ್ಯುಯಿಟಿ, ಷೇರು. ಇಲಾಖೆ ಗುರುತಿಸಿದ ಸ್ಕೀಮ್‌ಗಳ ಹೆಸರಿನ ಪಟ್ಟಿ 2022ರಿಂದ ಸರ್ಕಾರದ ವೆಬ್‌ಸೈಟಿನಲ್ಲಿದೆ. ಆದರೆ ಪಟ್ಟಿಯಲ್ಲಿ ಇಲ್ಲ ಅಂದರೆ ಸರಿ ಇದೆ ಎಂದಲ್ಲ. ಕೆಲಸಕ್ಕೆ ಒಪ್ಪುವ ಮೊದಲು ಏಜೆನ್ಸಿಯಿಂದ ಕೀ ಇನ್‌ಫರ್ಮೇಷನ್ ಡಾಕ್ಯುಮೆಂಟ್ ಕೇಳಿ ಪಡೆಯಿರಿ. 2020ರ ಏಪ್ರಿಲ್‌ನಿಂದ ಅದನ್ನು ಕೊಡಲೇಬೇಕು, ಕಟಾವು ಎಷ್ಟು, ಕೈಗೆ ಎಷ್ಟು ಎಂಬ ಉದಾಹರಣೆ ಅದರಲ್ಲಿರುತ್ತದೆ. ಸಂಬಳ ಬಂದ ಮೇಲೆ ಎಚ್‌ಎಂಆರ್‌ಸಿ ಆಪ್ ತೆಗೆದು, ನಿಮ್ಮ ಹೆಸರಿನಲ್ಲಿ ಎಷ್ಟು ಆದಾಯ ತೋರಿಸಿದ್ದಾರೆ ಎಂದು ನೋಡಿ. ಬ್ಯಾಂಕಿಗೆ ಬಂದಿದ್ದು, ಪೇಸ್ಲಿಪ್‌ನ ಕೊನೆಯ ಸಾಲು, ಆಪ್‌ನಲ್ಲಿರುವ ಲೆಕ್ಕ, ಮೂರೂ ಒಂದಕ್ಕೊಂದು ಹೊಂದಬೇಕು.

ಅಂಬ್ರೆಲಾ ತೆರಿಗೆ ಕಟ್ಟದಿದ್ದರೆ ಏಜೆನ್ಸಿಯಿಂದಲೂ ವಸೂಲಿ ಮಾಡುವ ನಿಯಮ ಜಾರಿಯಾಗುವ ದಿನ ಎಂದು ಗೊತ್ತುಮಾಡಿದ್ದು 2026ರ ಏಪ್ರಿಲ್ 6. ತುಂಬಾ ಹಿಂದೆಯೇ ಆಗಬೇಕಿದ್ದ ಕೆಲಸ. ಆದರೆ ಅದು ಹಳೆಯ ವರ್ಷಗಳ ಬಾಕಿಯನ್ನು ಅಳಿಸುವುದಿಲ್ಲ.

ಆ ಹುಡುಗ ಸ್ಕೀಮ್ ಬಿಟ್ಟ. ಏಜೆನ್ಸಿಗೆ ಹೇಳಿ ಬೇರೆ ಅಂಬ್ರೆಲಾಗೆ ಹೋದ, ಇಲಾಖೆಗೆ ತಾನೇ ಫೋನ್ ಮಾಡಿ ವಿಷಯ ತಿಳಿಸಿದ. ಬಾಕಿ ಕಂತಿನಲ್ಲಿ ಕಟ್ಟಲು ಕೇಳಿಕೊಂಡಿದ್ದಾನೆ. ಕೆಲವೇ ತಿಂಗಳಿನ ಬಾಕಿ, ಹೇಗೋ ತೀರುತ್ತದೆ. ನೀವೂ ಇಂಥದ್ದರಲ್ಲಿ ಇದ್ದೀರೇನೋ ಅನಿಸಿದರೆ ಬಡ್ಡಿ ಬೆಳೆಯಲು ಬಿಡಬೇಡಿ, ಮೊದಲು ಒಂದು ಪೇಸ್ಲಿಪ್ ತೆಗೆದು ನೋಡಿ. ಅರ್ಥವಾಗದಿದ್ದರೆ ನನಗೆ ಕಳಿಸಿ. ಹೆಸರು, ವಿಳಾಸ, ನ್ಯಾಷನಲ್ ಇನ್ಶೂರೆನ್ಸ್ ನಂಬರ್ ಮುಚ್ಚಿಯೇ ಕಳಿಸಿ, ನನಗೆ ಅಂಕಿಗಳಷ್ಟೇ ಸಾಕು.